ಐದನೇ ಕ್ಲಾಸಿನವರೆಗೆ ಮಾತ್ರ

ಮೊನ್ನೆ ರಾಮನಗರದ ಒಂದು ಛತ್ರದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಗೆ ಬಂದು ಕೂತವರು ಶಿವಲಿಂಗಪ್ಪ ಮೇಷ್ಟ್ರು. ಇದೇ ಊರಿನ ಒಂದು ಸರ್ಕಾರಿ ಶಾಲೆಯಲ್ಲಿ ಅವರು ಹೆಡ್‌ಮಾಸ್ಟರಾಗಿದ್ದಾಗ ನಾನು ಅವರ ಕೈಕೆಳಗೆ ಪಾಠ ಮಾಡಿದವಳು. ಈಗ ಇಬ್ಬರೂ ನಿವೃತ್ತರು. ಅವರ ಎಲೆಗೆ ಎರಡನೇ ಒಬ್ಬಟ್ಟು ಬಿತ್ತು, ಹಿಂದೆಯೇ ತುಪ್ಪದ ಸೌಟು ಬಂತು, ಅವರು ಕೈ ಅಡ್ಡ ಹಿಡಿಯಲಿಲ್ಲ. ಒಬ್ಬಟ್ಟು ಮುರಿಯುತ್ತಾ ಮಾತು ತೆಗೆದರು.

“ಈ ಸರ್ಕಾರದೋರಿಗೆ ಬುದ್ಧಿ ಇಲ್ಲ ಗಿರಿಜಮ್ಮ. ಸ್ಕೂಲಲ್ಲಿ ಎಲ್ಲ ಮಕ್ಳಿಗೂ ಪುಕ್ಕಟೆ ಊಟ, ಹಾಲು, ಮೊಟ್ಟೆ. ಬಡವ್ರಿಗೆ ಕೊಡ್ಲಿ, ನಾನು ಬೇಡ ಅನ್ನಲ್ಲ. ಉಳ್ಳೋರ ಮಕ್ಳಿಗೂ ಯಾಕೆ ಅಂತೀನಿ?”

ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಿದ ಹುಡುಗಿಯರು ನೀವು ಬಡವರಾ, ಉಳ್ಳವರಾ ಎಂದು ನಮ್ಮನ್ನು ಕೇಳಿರಲಿಲ್ಲ. ಪೆನ್ಷನ್ ಎಷ್ಟು ಬರುತ್ತೆ, ಮನೆ ಸ್ವಂತದ್ದಾ ಎಂದು ವಿಚಾರಿಸಿ ಎಲೆ ಹಾಕಿರಲಿಲ್ಲ. ಪಂಕ್ತಿಯಲ್ಲಿ ಕೂತವರಿಗೆಲ್ಲ ಬಡಿಸಿದರು, ಅಷ್ಟೆ. ಅರ್ಧ ಪಂಕ್ತಿಗೆ ಬಡಿಸಿ ಇನ್ನರ್ಧ ಪಂಕ್ತಿಯನ್ನು ಸುಮ್ಮನೆ ನೋಡುತ್ತಾ ಕೂರಿಸಿದ್ದರೆ ಇದೇ ಶಿವಲಿಂಗಪ್ಪನವರು ಎಲೆ ಮಡಚಿ ಎದ್ದು, ಹೆಣ್ಣಿನ ಕಡೆಯವರ ಮಾನ ಹರಾಜು ಹಾಕಿ ಹೋಗುತ್ತಿದ್ದರು. ಇದನ್ನೆಲ್ಲ ಹೇಳಬೇಕು ಅಂದುಕೊಂಡೆ. ಮದುವೆ ಮನೆ ಅಂತ ಸುಮ್ಮನಾದೆ.

ಕೈ ತೊಳೆಯಲು ಛತ್ರದ ಹಿಂಭಾಗಕ್ಕೆ ಹೋದೆ. ಕಾಂಪೌಂಡಿನಾಚೆ ರೇಷ್ಮೆ ನೂಲು ತೆಗೆಯುವವರ ಓಣಿ. ಅಲ್ಲಿಂದ ಗೂಡು ಬೇಯುವ ವಾಸನೆ ಬರುತ್ತಿತ್ತು. ಈಚೆ, ಮದುವೆಯ ಅಡುಗೆಮನೆಯಲ್ಲಿ ಯಾರೋ ಸಾಂಬಾರಿಗೆ ಒಗ್ಗರಣೆ ಹಾಕಿದರು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದಾಗ ನಲ್ಲಿಯ ಕೆಳಗೆ ಹಿಡಿದ ಕೈ ಹಾಗೇ ನಿಂತಿತು. ಇದು ನಮ್ಮ ಶಾಲೆಯ ಆರನೇ ತರಗತಿಯ ವಾಸನೆ. ಬಿಸಿಯೂಟ ಶುರುವಾದ ಮೊದಲ ವರ್ಷದ್ದು. ಆ ವರ್ಷವನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತದೆ. ಯಾರೂ ಸಿಕ್ಕದಿದ್ದರೆ ನನ್ನ ಮೇಲೇ ರೇಗಿಕೊಳ್ಳುತ್ತೇನೆ.

ನಮ್ಮದು ಒಂದರಿಂದ ಏಳರವರೆಗಿನ ಶಾಲೆ. ಬೆಂಗಳೂರು-ಮೈಸೂರು ರಸ್ತೆಗೆ ಆತುಕೊಂಡ ಹಾಗೆ ಇತ್ತು. ಮಕ್ಕಳಲ್ಲಿ ಅರ್ಧದಷ್ಟು ನೂಲು ತೆಗೆಯುವ ಯೂನಿಟ್ಟುಗಳಲ್ಲಿ ಕೆಲಸ ಮಾಡುವವರ ಮನೆಯವರು, ಇನ್ನರ್ಧ ಸುತ್ತಲಿನ ಸಣ್ಣಪುಟ್ಟ ಅಂಗಡಿಯವರ, ರೈತರ ಮನೆಯವರು. ಆ ಸಲ ಶಾಲೆ ಬಾಗಿಲು ತೆರೆದ ಕೆಲವು ವಾರಗಳಲ್ಲಿ ಬಿಸಿಯೂಟದ ಆದೇಶ ಬಂತು. ಒಳ್ಳೆಯದೇ ಆಯಿತು ಎಂದು ನಾನು ಖುಷಿಪಟ್ಟೆ. ಆದೇಶದ ಎರಡನೇ ಸಾಲು ಓದುವವರೆಗೆ ಮಾತ್ರ. ಊಟ ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ ಎಂದಿತ್ತು. ಆರು, ಏಳು ಅದೇ ಕಟ್ಟಡ, ಅದೇ ಗಂಟೆ, ಅದೇ ಮಣ್ಣಿನ ಅಂಗಳ. ಆದರೂ ಹೊಟ್ಟೆ ಮಾತ್ರ ಬೇರೆ ಎಂದು ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿದ್ದರು. ಹನ್ನೊಂದು ತುಂಬಿದ ಮೇಲೆ ಮಕ್ಕಳಿಗೆ ಮಧ್ಯಾಹ್ನ ಹಸಿವಾಗುವುದಿಲ್ಲ ಅಂತ ಅವರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಮುಂದೆ ಹಂತ ಹಂತವಾಗಿ ಮಿಕ್ಕವರಿಗೂ ಕೊಡುತ್ತಾರಂತೆ ಎಂದು ಶಿವಲಿಂಗಪ್ಪನವರು ಸಮಾಧಾನ ಹೇಳಿದರು. ಹಸಿವು ಹಂತ ಹಂತವಾಗಿ ಬರುತ್ತಾ ಸಾರ್ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಅಡುಗೆಗೆ ಶೀಟಿನ ಶೆಡ್ಡು ಎಬ್ಬಿಸಿದರು. ಇಡೀ ಅಂಗಳ ಬಿಟ್ಟು ಅದಕ್ಕೆ ಜಾಗ ಸಿಕ್ಕಿದ್ದು ಆರನೇ ತರಗತಿಯ ಕಿಟಕಿಯ ಪಕ್ಕದಲ್ಲಿ. ಅಡುಗೆಗೆ ಬಂದ ಪುಟ್ಟತಾಯಮ್ಮ ಕೈ ಬಿಗಿ ಹಿಡಿಯದ ಹೆಂಗಸು. ಹನ್ನೊಂದೂವರೆಗೆ ಬೇಳೆ ಬೇಯುವುದು, ಹನ್ನೆರಡಕ್ಕೆ ಒಗ್ಗರಣೆ ಸಿಡಿಯುವುದು. ಆರನೇ ತರಗತಿಗೆ ನಾನು ಆ ಪೀರಿಯಡ್ಡಿನಲ್ಲಿ ಸಮಾಜ ವಿಜ್ಞಾನ ಮಾಡುತ್ತಿದ್ದೆ. ಭಾರತದ ಪ್ರಜೆಗಳೆಲ್ಲರೂ ಸಮಾನರು ಎಂಬ ಪಾಠ ಮಾಡುವಾಗ ಕರಿಬೇವಿನ ಘಮ ಒಳಗೆ ಬರುತ್ತಿತ್ತು. ನಲವತ್ತು ಮೂಗುಗಳು ಒಟ್ಟಿಗೆ ಕಿಟಕಿಯ ಕಡೆ ತಿರುಗುತ್ತಿದ್ದವು. ನಾನು ಗದರಿಸಿ ಕಪ್ಪು ಹಲಗೆಯ ಕಡೆ ತಿರುಗಿಸುತ್ತಿದ್ದೆ.

ಆ ತರಗತಿಯ ಮೊದಲ ಬೆಂಚಿನಲ್ಲಿ ನಸೀಮಾ ಕೂರುತ್ತಿದ್ದಳು. ಐದನೇ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ ಪಾಸಾಗಿ ಬಂದವಳು. ತೆಳ್ಳಗೆ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಕೇಳಿದ ಪ್ರಶ್ನೆ ಮುಗಿಯುವ ಮುಂಚೆ ಎತ್ತಿದ ಕೈ. ಅವಳಪ್ಪ ತೀರಿಹೋಗಿದ್ದ. ಅವಳಮ್ಮ ಮೆಹಬೂಬ್ ಬಿ ಹತ್ತಿರದ ಒಂದು ಯೂನಿಟ್ಟಿನಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುತ್ತಿದ್ದಳು. ಬೆಳಕು ಹರಿಯುವ ಮುಂಚೆ ಹೋದರೆ ಮನೆಗೆ ಬರುವುದು ಸಂಜೆ. ಅಲ್ಲಿ ಕೆಲಸ ಮಾಡುವ ಹೆಂಗಸರು ಮಧ್ಯಾಹ್ನ ಒಟ್ಟಿಗೆ ಅಕ್ಕಿ ಹಾಕಿ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ನಸೀಮಾ ಊಟದ ಗಂಟೆ ಬಾರಿಸಿದ ತಕ್ಷಣ ಅಮ್ಮನ ಹತ್ತಿರ ಓಡಿ, ಅವಳ ತಟ್ಟೆಯಲ್ಲೇ ಉಂಡು, ಓಡಿ ಬರುತ್ತಿದ್ದಳು. ಊಟದ ಬಿಡುವು ಆಗ ದೊಡ್ಡದಿತ್ತು.

ಅದನ್ನು ತಪ್ಪಿಸಿದವಳು ನಾನು. ಬಿಸಿಯೂಟ ಶುರುವಾದ ಎರಡನೇ ವಾರ ಎರಡನೇ ಕ್ಲಾಸಿನ ಮಗುವೊಂದು ತಟ್ಟೆ ಹಿಡಿದುಕೊಂಡೇ ಗೇಟು ದಾಟಿ ಹೆದ್ದಾರಿಗೆ ಹೋಗಿಬಿಟ್ಟಿತು. ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಉಳಿಯಿತು. ಗೇಟಿಗೆ ಬೀಗ ಹಾಕಿಸಿ ಸಾರ್, ಹೇಗೂ ಊಟ ಇಲ್ಲೇ ಆಗುತ್ತಲ್ಲ ಎಂದು ನಾನೇ ಹೇಳಿದೆ. ಶಿವಲಿಂಗಪ್ಪನವರು ಬೀಗ ತರಿಸಿದರು, ಬಿಡುವನ್ನೂ ನಲವತ್ತು ನಿಮಿಷಕ್ಕೆ ಇಳಿಸಿದರು. ಆರು, ಏಳರ ಮಕ್ಕಳು ಮನೆಯಿಂದ ಡಬ್ಬಿ ತರಲಿ ಎಂದು ನೋಟೀಸು ಹಾಕಿದರು. ಬೆಳಿಗ್ಗೆ ಕಟ್ಟಿಕೊಡುವ ಕೈ ಎಲ್ಲ ಮನೆಯಲ್ಲೂ ಇರುತ್ತದೆಯೇ ಎಂದು ಆಗ ನನಗೆ ಹೊಳೆಯಲಿಲ್ಲ. ಪ್ರತಿ ದಿನ ನನ್ನ ಡಬ್ಬಿ ನಾನೇ ಕಟ್ಟಿಕೊಳ್ಳುತ್ತಿದ್ದೆನಲ್ಲ, ಹಾಗಾಗಿ ಲೋಕಕ್ಕೆಲ್ಲ ಡಬ್ಬಿ ಇದೆ ಅಂದುಕೊಂಡಿದ್ದೆ.

ಬೀಗ ಬಿದ್ದ ವಾರದಲ್ಲೇ ಮೆಹಬೂಬ್ ಬಿ ಬಂದಳು. ಬಿಸಿನೀರಿನಲ್ಲಿ ಬೆಂದು ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಸೆರಗಿನಲ್ಲಿ ಕೈ ಸುತ್ತಿಕೊಂಡು ಬಾಗಿಲಲ್ಲಿ ನಿಂತಳು.

“ನಸೀಮಾನ ವಾಪಸ್ ಐದಕ್ಕೆ ಹಾಕಿ ಮೇಡಂ. ಒಂದ್ ಕ್ಲಾಸ್ ಹಿಂದಕ್ಕೆ.”

ನನಗೆ ಅರ್ಥವಾಗಲಿಲ್ಲ. “ಯಾಕಮ್ಮ? ಫಸ್ಟ್ ಬಂದವ್ಳು ಅವ್ಳು.”

“ಗೊತ್ತೈತೆ ಮೇಡಂ. ಐದ್ರಲ್ಲಿ ಊಟ ಐತಲ್ಲ. ಒಂದ್ ವರ್ಷ ಅಲ್ಲೇ ಇರ್ಲಿ ಬುಡಿ. ಓದಿದ್ದೇ ಓದಿದ್ರೆ ಏನೂ ಹೋಗಲ್ಲ.”

ನನಗೆ ನಗುವೂ ಬಂತು, ಸಿಟ್ಟೂ ಬಂತು. ಮಕ್ಕಳನ್ನು ಪಾಸು ಮಾಡಿ ಎಂದು ಕಾಲಿಗೆ ಬಿದ್ದವರನ್ನು ನೋಡಿದ್ದೆ. ಹಿಂದಕ್ಕೆ ಹಾಕಿ ಎಂದು ಕೇಳಿದವಳು ಇವಳೊಬ್ಬಳೇ. ಹೊಟ್ಟೆಗೋಸ್ಕರ ಹುಡುಗಿಯ ಓದು ಕೆಡಿಸುತ್ತೀಯಾ ಎಂದು ದೊಡ್ಡ ಭಾಷಣ ಮಾಡಿದೆ. ವಿದ್ಯೆ, ಭವಿಷ್ಯ, ನೌಕರಿ ಎಲ್ಲ ಬಂತು ಅದರಲ್ಲಿ. ಮೆಹಬೂಬ್ ಬಿ ತಲೆ ತಗ್ಗಿಸಿ ಪೂರ್ತಿ ಕೇಳಿದಳು. ನೀವು ಓದಿದವರು, ನೀವು ಹೇಳಿದ ಹಾಗೆ ಎಂದು ಹೋದಳು. ನಾನು ಆ ದಿನ ಒಂದು ಹೆಣ್ಣುಮಗುವನ್ನು ಉದ್ಧಾರ ಮಾಡಿದೆ ಎಂದುಕೊಂಡು ಮನೆಗೆ ಹೋಗಿ ನೆಮ್ಮದಿಯಾಗಿ ಉಂಡೆ.

ಮಳೆಗಾಲ ಹಾಗೇ ಕಳೆಯಿತು. ಸಣ್ಣ ಮಕ್ಕಳು ಜಗಲಿಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರು. ಆರು, ಏಳರವರಲ್ಲಿ ಡಬ್ಬಿ ಇದ್ದವರು ತರಗತಿಯಲ್ಲಿ ಕೂತು ತಿನ್ನುತ್ತಿದ್ದರು. ಇಲ್ಲದವರು ನೀರಿನ ಟ್ಯಾಂಕಿನ ಹಿಂದೆ ಹೊಂಗೆ ಮರದ ಕೆಳಗೆ ಸೇರುತ್ತಿದ್ದರು. ನಮ್ಮ ಕಡೆ ಊಟ ಆಯ್ತಾ ಎಂಬುದು ಮಾತಲ್ಲ, ನಮಸ್ಕಾರ. ಬಸ್ಸಿನಲ್ಲಿ ಗುರುತಿಲ್ಲದವರನ್ನೂ ಕೇಳುತ್ತೇವೆ. ಆ ವರ್ಷ ಆರನೇ ತರಗತಿಯ ಮಕ್ಕಳನ್ನು ಹಾಗೆ ಕೇಳುವುದನ್ನು ನಾನು ಬಿಟ್ಟುಬಿಟ್ಟೆ. ಕೇಳಿದರೆ ಉತ್ತರ ಬರುತ್ತದಲ್ಲ, ಆ ಭಯಕ್ಕೆ.

ಒಂದು ದಿನ ತಾಲ್ಲೂಕಿನಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿದರು. ಸಾಲಿನಲ್ಲಿ ಕೂತ ತಲೆ ಎಣಿಸಿದರು. ಐದರವರೆಗೆ ಮಾತ್ರ ತಾನೇ ಎಂದು ಮೂರು ಸಲ ಕೇಳಿದರು. ಅಂದು ಹಾಜರಿ ಕಡಿಮೆಯಿದ್ದು ಅನ್ನ ಮಿಕ್ಕಿತ್ತು. ಇದನ್ನೇನು ಮಾಡೋದು ಎಂದು ಪುಟ್ಟತಾಯಮ್ಮ ಕೇಳಿದಳು. ದೊಡ್ಡ ಮಕ್ಕಳಿಗೆ ಬಡಿಸಿದರೆ ಲೆಕ್ಕ ತಪ್ಪುತ್ತದೆ, ಯಾವುದಾದರೂ ಹಸುವಿಗೆ ಹಾಕಿ ಎಂದರು ಸಾಹೇಬರು. ಹಿಂದಿನ ಗೋಡೆಯಾಚೆ ಯಾವಾಗಲೂ ಒಂದು ಬಿಡಾಡಿ ಹಸು ನಿಂತಿರುತ್ತಿತ್ತು. ಪುಟ್ಟತಾಯಮ್ಮ ಸೌಟು ಸೊಂಟಕ್ಕೆ ಇಟ್ಟುಕೊಂಡಳು.

“ಆ ಹಸ ಎಷ್ಟ್ನೇ ಕ್ಲಾಸು ಸಾ?”

ಸಾಹೇಬರಿಗೆ ಕೇಳಿಸಲಿಲ್ಲವೋ, ಕೇಳಿಸದವರಂತೆ ಇದ್ದರೋ, ಜೀಪು ಹತ್ತಿದರು. ಶಿವಲಿಂಗಪ್ಪನವರು ಪುಟ್ಟತಾಯಮ್ಮನನ್ನು ಬೈದರು. ನಾನು ಟೀಚರ್ಸ್ ರೂಮಿಗೆ ಹೋಗಿ ನಕ್ಕೆ. ನಕ್ಕು ಮುಗಿದ ಮೇಲೆ ಹಸು ಅನ್ನ ತಿನ್ನುವುದು ಕಿಟಕಿಯಿಂದ ಕಾಣಿಸಿತು. ಟ್ಯಾಂಕಿನ ಹಿಂದೆ ಕೂತ ಮಕ್ಕಳಿಗೂ ಕಾಣಿಸುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಡಲು ಸೌಟು ಹಿಡಿದು ನಿಂತಿದ್ದಳು, ದೇವರೇ ಬೇಡ ಎಂದು ಜೀಪು ಹತ್ತಿ ಹೋದ.

ದಸರಾ ಕಳೆದ ಮೇಲೆ ರಂಜಾನ್ ತಿಂಗಳು ಬಂತು. ನಸೀಮಾ ರೋಜಾ ಹಿಡಿದಳು. ಹಗಲೆಲ್ಲ ಒಂದು ತೊಟ್ಟು ನೀರೂ ಇಲ್ಲದ ಉಪವಾಸ. ಈ ಎಳೆ ವಯಸ್ಸಿಗೆ ಬೇಡ ಎಂದರೂ ಕೇಳಲಿಲ್ಲ. ಆಶ್ಚರ್ಯವೆಂದರೆ ಆ ತಿಂಗಳು ಅವಳ ಮುಖ ಅರಳಿತ್ತು. ಊಟದ ಹೊತ್ತಿನಲ್ಲಿ ಟ್ಯಾಂಕಿನ ಹಿಂದೆ ಹೋಗುತ್ತಿರಲಿಲ್ಲ. ತರಗತಿಯಲ್ಲೇ, ಡಬ್ಬಿ ಬಿಚ್ಚಿದವರ ನಡುವೆ ರಾಣಿಯಂತೆ ಕೂತು ಪುಸ್ತಕ ಓದುತ್ತಿದ್ದಳು. ಯಾರಾದರೂ ತುತ್ತು ನೀಡಿದರೆ, “ರೋಜಾ ಇದ್ದೀನಿ” ಎನ್ನುವಾಗ ಕುತ್ತಿಗೆ ನೆಟ್ಟಗಾಗುತ್ತಿತ್ತು. ಧರ್ಮದ ಶ್ರದ್ಧೆ ಎಂದು ನಾನು ತಲೆದೂಗಿದೆ. ಹಸಿದುಕೊಂಡಿರುವುದಕ್ಕೆ ಮರ್ಯಾದೆಯ ಕಾರಣವೊಂದು ಸಿಕ್ಕಿದ್ದರಿಂದ ಆ ಹುಡುಗಿ ಅಷ್ಟು ಗೆಲುವಾಗಿದ್ದಳು ಎಂಬುದು ನನ್ನ ಮಂದ ಬುದ್ಧಿಗೆ ಹೊಳೆಯಲಿಲ್ಲ.

ಹಬ್ಬ ಬಂತು, ಹೋಯಿತು. ಹಬ್ಬದ ಮೂರನೇ ದಿನ ಮಧ್ಯಾಹ್ನವೂ ನಸೀಮಾ ಪುಸ್ತಕ ಹಿಡಿದು ಕೂತಿದ್ದಳು.

“ಈದ್ ಆಯ್ತಲ್ಲೇ, ಇನ್ನೂ ಉಪವಾಸನಾ?”

“ಹಬ್ಬ ಆದ್ಮೇಲೆ ಇನ್ನೂ ಆರು ರೋಜಾ ಐತೆ ಮಿಸ್. ಅದು ಇಟ್ರೆ ಪುಣ್ಯ ಜಾಸ್ತಿ.”

ಅದು ನಿಜ. ವಿಚಾರಿಸಿದೆ, ಹಾಗೊಂದು ಪದ್ಧತಿ ಇದೆ ಎಂದರು. ಆರು ದಿನ ಮುಗಿದವು. ಆಮೇಲೆ ಕೇಳಿದಾಗ, ಹೋದ ವರ್ಷ ಜ್ವರ ಬಂದು ಬಿಟ್ಟುಹೋದ ರೋಜಾಗಳನ್ನು ತೀರಿಸುತ್ತಿದ್ದೇನೆ ಎಂದಳು. ಅದೂ ಇರಬಹುದು ಎಂದುಕೊಂಡೆ. ನಾನು ಸೋಮವಾರ ಸೋಮವಾರ ಒಪ್ಪತ್ತು ಮಾಡುವ ಮನೆಯ ಹೆಣ್ಣು. ಪಕ್ಕದ ಓಣಿಯವರ ಉಪವಾಸದ ಲೆಕ್ಕ ನನಗೆ ಎಲ್ಲಿಂದ ಬರಬೇಕು? ನಾಲ್ಕು ಕಡೆ ಕೇಳಬಹುದಿತ್ತು. ಕೇಳಲಿಲ್ಲ. ಸಾಲದ್ದಕ್ಕೆ ಒಂದು ದಿನ ಅವಳನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ, ಶ್ರದ್ಧೆ ಅಂದರೆ ಹೀಗಿರಬೇಕು, ನೋಡಿ ಕಲಿಯಿರಿ ಎಂದು ಚಪ್ಪಾಳೆ ಹೊಡೆಸಿದೆ. ನಲವತ್ತು ಜೊತೆ ಕೈಗಳು ಚಪ್ಪಾಳೆ ಹೊಡೆದವು. ನಸೀಮಾ ನೆಲ ನೋಡುತ್ತಾ ನಿಂತಿದ್ದಳು. ಅವಳಿಗೆ ನಾಚಿಕೆ ಎಂದುಕೊಂಡೆ. ಆ ಚಪ್ಪಾಳೆಯಿಂದ ಅವಳ ಬಾಯಿಗೂ ಒಂದು ಬೀಗ ಹಾಕಿದ್ದೆ. ಮಿಸ್ ಮೆಚ್ಚಿ ಹೊಗಳಿದ ಮೇಲೆ ಇನ್ನು ಯಾವ ಬಾಯಲ್ಲಿ ಹಸಿವು ಅನ್ನುತ್ತಾಳೆ?

ಸಂಕ್ರಾಂತಿಯ ಮಾರನೇ ದಿನ ಮಕ್ಕಳಿಗೆಲ್ಲ ಎಳ್ಳು ಬೆಲ್ಲ ಹಂಚಿದೆ. ನಸೀಮಾ ಕಾಗದದಲ್ಲಿ ಕಟ್ಟಿಕೊಂಡು ಆಮೇಲೆ ತಿಂತೀನಿ ಮಿಸ್ ಎಂದಳು. ಸಂಜೆ ಮನೆಗೆ ಹೊರಟಾಗ ಓಣಿಯ ತಿರುವಿನಲ್ಲಿ ಮೆಹಬೂಬ್ ಬಿ ಎದುರಾದಳು. ಕೆಲಸ ಬಿಟ್ಟು ಬರುತ್ತಿದ್ದಳು. ನನ್ನನ್ನು ನೋಡಿದ ತಕ್ಷಣ ಮುಖ ತುಂಬ ನಗು. ನಾನೂ ನಕ್ಕೆ.

“ನಿಮ್ಮ ಮಗಳಂಥ ಮಗಳು ಪುಣ್ಯ ಮಾಡಿದೋರಿಗೆ ಸಿಗ್ತಾಳೆ ಮೆಹಬೂಬ್ ಬಿ. ಇಷ್ಟು ದಿನ ಬಿಡದೆ ರೋಜಾ ಇದ್ದಾಳಲ್ಲ!”

“ಯಾವ್ ರೋಜಾ ಮೇಡಂ?”

“ಅದೇ, ಹಬ್ಬ ಆದ್ಮೇಲೆ ಹಿಡಿದಿರೋದು.”

“ಈದ್ ಮುಗ್ದು ಎಷ್ಟ್ ದಿನ ಆಯ್ತು ಮೇಡಂ. ಬೆಳಿಗ್ಗೆ ಚಾಯ್ ಕುಡ್ದೇ ಬರ್ತಾಳೆ.” ನಗು ಇನ್ನೂ ಅವಳ ಮುಖದಲ್ಲೇ ಇತ್ತು, ಕಣ್ಣು ಮಾತ್ರ ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು. “ಮಧ್ಯಾಹ್ನ ನೀವ್ ಊಟ ಹಾಕ್ತೀರಿ ಅಂದ್ಲಲ್ಲ. ಮಿಸ್ಸು ಡಬ್ಬಿ ತಂದ್ಕೊಡ್ತಾರೆ ಅಮ್ಮಿ ಅಂದ್ಲು. ನಾನು ದಿನಾ ನಮಾಜ್‌ನಲ್ಲಿ ನಿಮ್ಗೆ ದುವಾ ಮಾಡ್ತೀನಲ್ಲ ಮೇಡಂ, ನನ್ ಮಗೂಗೆ ಅನ್ನ ಹಾಕ್ತಾರೆ ಅಂತ.”

ಆರು ತಿಂಗಳಿಂದ ಒಬ್ಬಳು ತಾಯಿ ನನ್ನ ಹೆಸರು ಹೇಳಿ ದೇವರಲ್ಲಿ ಬೇಡಿಕೊಳ್ಳುತ್ತಿದ್ದಳು. ಅವಳ ಮಗಳು ನನ್ನ ಕಣ್ಣೆದುರಿಗೇ ಹಸಿದುಕೊಂಡು ಭಾರತದ ನದಿಗಳ ಹೆಸರು ಒಪ್ಪಿಸುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ ಅಮ್ಮ ನೊಂದುಕೊಳ್ಳಬಾರದು ಎಂದು ಅಲ್ಲೊಂದು ಸುಳ್ಳು, ಜೊತೆಯವರು ಕನಿಕರ ಪಡಬಾರದು ಎಂದು ಇಲ್ಲೊಂದು ಸುಳ್ಳು ಹೇಳಿ ಎರಡನ್ನೂ ಬೀಳದ ಹಾಗೆ ಹೊತ್ತು ನಡೆದಿದ್ದಳು. ನಾನು ಹೋಗಿ ಎರಡನ್ನೂ ಒಟ್ಟಿಗೆ ಬೀಳಿಸಿದೆ.

ಮಾರನೇ ದಿನ ನಾನು ಇನ್ನೊಂದು ತಪ್ಪು ಮಾಡಿದೆ. ತಡೆಯಲಾರದೆ ಮಾಡಿದೆ. ಊಟದ ಗಂಟೆ ಬಾರಿಸಿದಾಗ ನಸೀಮಾಳ ಕೈ ಹಿಡಿದು ಜಗಲಿಗೆ ಕರೆದುಕೊಂಡು ಬಂದು ಐದನೇ ತರಗತಿಯ ಸಾಲಿನ ಕೊನೆಯಲ್ಲಿ ಕೂರಿಸಿದೆ. ಪುಟ್ಟತಾಯಮ್ಮ ತಟ್ಟೆ ಇಟ್ಟು ಎರಡು ಸೌಟು ಹಾಕಿದಳು. ಶಿವಲಿಂಗಪ್ಪನವರು ಎದ್ದು ಬಂದರು.

“ಒಬ್ಬಳಿಗೆ ಹಾಕಿದ್ರೆ ಎಲ್ಲರಿಗೂ ಹಾಕ್ಬೇಕಾಗ್ತದೆ ಗಿರಿಜಮ್ಮ.”

“ಹೂಂ ಸಾರ್, ಎಲ್ಲರಿಗೂ ಹಾಕ್ಬೇಕು. ನಾನು ಹೇಳ್ತಿರೋದೂ ಅದೇ.”

“ಆದೇಶ ಇಲ್ವಲ್ಲಮ್ಮ.”

“ಹಸಕ್ಕೆ ಯಾವ ಆದೇಶ ಇತ್ತು ಸಾ?” ಎಂದಳು ಪುಟ್ಟತಾಯಮ್ಮ.

ನಾವು ಮೂವರು ಹೀಗೆ ಕಿತ್ತಾಡುತ್ತಿದ್ದರೆ ಜಗಲಿಯ ಮಕ್ಕಳೆಲ್ಲ ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಆರನೇ ತರಗತಿಯ ಕಿಟಕಿಯಲ್ಲೂ ಮುಖಗಳು. ನಸೀಮಾ ಎದ್ದು ನಿಂತಳು. ಅನ್ನ ಮುಟ್ಟಿರಲಿಲ್ಲ.

“ನಾನು ಆರನೇ ಕ್ಲಾಸು ಮಿಸ್,” ಎಂದಳು. ದನಿ ಗಟ್ಟಿಯಾಗೇ ಇತ್ತು. “ನಮ್ ಕ್ಲಾಸಿಗೆ ಊಟ ಇಲ್ಲ.”

ಹೋಗಿ ಅವಳ ಬೆಂಚಿನಲ್ಲಿ ಕೂತಳು. ನಾನು ನನ್ನ ಡಬ್ಬಿ ತೆಗೆದುಕೊಂಡು ಹೋದರೆ, ಊಟ ಆಯ್ತು ಮಿಸ್ ಎಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ ಎಂದರು ಶಿವಲಿಂಗಪ್ಪನವರು. ಅವರು ಕೆಟ್ಟ ಮನುಷ್ಯರಲ್ಲ. ಆದರೂ ಆ ಹೊತ್ತಿನಲ್ಲಿ ಪುಟ್ಟತಾಯಮ್ಮನ ಸೌಟು ನನ್ನ ಕೈಯಲ್ಲಿ ಇಲ್ಲದಿದ್ದದ್ದು ಒಳ್ಳೆಯದಾಯಿತು. ಎಲ್ಲರೂ ಉಣ್ಣುವಾಗ ಉಣ್ಣುವುದು ಬೇರೆ, ಎಲ್ಲರ ಕಣ್ಣೆದುರು ಒಬ್ಬಳೇ ಬಡವಿಯಾಗಿ ಉಣ್ಣುವುದು ಬೇರೆ ಎಂಬುದು ಬಿ.ಎಡ್ ಓದಿದ ನಮಗೆ ಗೊತ್ತಿರಲಿಲ್ಲ, ಆ ಹುಡುಗಿಗೆ ಗೊತ್ತಿತ್ತು.

ಮಾರನೇ ದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ. ಒಂದು ವಾರ ನೋಡಿ ಯೂನಿಟ್ಟಿಗೆ ಹೋದೆ. ಒಳಗೆ ಹಬೆ, ಕಾಲಡಿ ನೀರು, ಗೂಡು ಬೇಯುವ ಆ ವಾಸನೆ. ನಸೀಮಾ ಅಮ್ಮನ ಪಕ್ಕದಲ್ಲಿ ಕೂತು ಬೆಂದ ಗೂಡಿನ ಎಳೆ ಹುಡುಕಿ ಕೊಡುತ್ತಿದ್ದಳು. ಅವಳ ಬೆರಳೂ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ ಎದ್ದು ನಿಂತಳು, ತರಗತಿಯಲ್ಲಿ ಎದ್ದು ನಿಲ್ಲುವ ಹಾಗೇ. ಮೆಹಬೂಬ್ ಬಿ ಕೂರಲು ಮಣೆ ಕೊಟ್ಟಳು. ಸಣ್ಣ ಮಗುವನ್ನು ಕೆಲಸಕ್ಕೆ ಹಾಕಿದ್ದೀಯಲ್ಲ, ಇದು ತಪ್ಪು ಎಂದು ನಾನು ಶುರು ಮಾಡಿದೆ. ನನಗೆ ಬೇರೆ ಏನು ಬರುತ್ತದೆ?

“ಕೂಲಿಗೆ ಅಲ್ಲ ಮೇಡಂ,” ಎಂದಳು ಮೆಹಬೂಬ್ ಬಿ. ಬೈಗುಳವೂ ಇಲ್ಲ, ಅಳುವೂ ಇಲ್ಲ. “ಇಲ್ಲಿದ್ರೆ ನನ್ ಕಣ್ ಮುಂದೆ ಊಟ ಮಾಡ್ತಾಳೆ. ಅಷ್ಟೇ.”

ನಾನು ಶಾಲೆಗೆ ವಾಪಸು ನಡೆದೆ.

ಆ ವರ್ಷದ ಪರೀಕ್ಷೆ ನಸೀಮಾ ಬರೆಯಲಿಲ್ಲ. ಮುಂದಿನ ವರ್ಷ, ದಸರಾ ರಜೆಯ ಹೊತ್ತಿಗೆ, ಆರು ಮತ್ತು ಏಳಕ್ಕೂ ಊಟ ಎಂಬ ಆದೇಶ ಬಂತು. ಕಾಗದ ಕೈಗೆ ಬಂದ ದಿನವೇ ಯೂನಿಟ್ಟಿಗೆ ಓಡಿದೆ. ಚಪ್ಪಲಿ ಬಾಗಿಲಲ್ಲಿ ಬಿಡುವುದನ್ನೂ ಮರೆತಿದ್ದೆ. ಎಲ್ಲರಿಗೂ ಅಂತೆ ಮೆಹಬೂಬ್ ಬಿ, ಇನ್ನು ಎಲ್ಲರಿಗೂ ಎಂದು ಕೂಗಿ ಹೇಳಿದೆ. ಅವಳು ಬೇಸಿನ್ನಿನಿಂದ ಕೈ ತೆಗೆದು ಒರೆಸಿಕೊಂಡಳು.

“ಈಗ ಯಾವ್ ಕ್ಲಾಸಿಗೆ ಹಾಕ್ತೀರಿ ಮೇಡಂ?”

“ಆರನೇ ಕ್ಲಾಸಿಗೇ. ಹಾಜರಿ ಇಲ್ಲ, ಪರೀಕ್ಷೆ ಇಲ್ಲ, ಏಳಕ್ಕೆ ಹಾಕೋಕೆ ಬರಲ್ಲ.”

“ಹಿಂದಕ್ಕೆ ಹಾಕಿ ಅಂತ ಕೈ ಮುಗ್ದು ಕೇಳ್ದಾಗ ಹಾಕ್ಲಿಲ್ಲ. ಈಗ ಹಾಕ್ತೀರಿ.” ಅಷ್ಟು ಹೇಳಿ ಮಗಳ ಕಡೆ ತಿರುಗಿ, “ಮುಖ ತೊಳ್ಕೊ ಹೋಗು” ಎಂದಳು.

ನಸೀಮಾ ಬಂದಳು. ರಜೆ ಮುಗಿದು ಶಾಲೆ ಶುರುವಾದ ದಿನ ಆರನೇ ತರಗತಿ ಮೊದಲ ಸಲ ಜಗಲಿಯ ಸಾಲಿನಲ್ಲಿ ಕೂತಿತು. ಪುಟ್ಟತಾಯಮ್ಮ ಪಾಯಸ ಬೇರೆ ಮಾಡಿದ್ದಳು. ಸಾಲಿನಲ್ಲಿ ನಸೀಮಾ ಇಲ್ಲ. ತರಗತಿಗೆ ಹೋದರೆ ಅವಳ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂತಿದ್ದಾಳೆ.

“ಯಾಕೇ? ಎಲ್ಲರಿಗೂ ಊಟ ಇದೆ ಕಣೇ ಈಗ!”

ನಸೀಮಾ ನನ್ನನ್ನು ನೋಡಿದಳು. ತುಟಿಯ ಕೊನೆಯಲ್ಲಿ ನಗು ತಡೆಯುತ್ತಿದ್ದಳು.

“ರೋಜಾ ಇದ್ದೀನಿ ಮಿಸ್. ಈ ಸಲ ನಿಜವಾಗ್ಲೂ. ರಂಜಾನ್ ಶುರುವಾಗೈತೆ, ಬೇಕಾದ್ರೆ ಅಮ್ಮೀನ ಕೇಳಿ.”

ನಾನು ಅಲ್ಲೇ ಬೆಂಚಿನ ಮೇಲೆ ಕೂತು ನಕ್ಕೆ. ಅವಳೂ ನಕ್ಕಳು. ನಕ್ಕು ನಕ್ಕು ನನಗೆ ಅಳು ಬಂತು. ಆದರೂ ಸಂಜೆ ಮೆಹಬೂಬ್ ಬಿಯ ಮನೆಗೆ ಹೋಗಿ ಕೇಳಿಯೇ ಬಂದೆ. ನಿಜವಾಗಿತ್ತು.

ಹಬ್ಬ ಕಳೆದ ಮೇಲೆ ಅವಳು ಸಾಲಿನಲ್ಲಿ ಕೂತು ಉಂಡಳು. ಆರು ಮುಗಿಸಿದಳು, ಏಳು ಮುಗಿಸಿದಳು, ಎರಡರಲ್ಲೂ ಮೊದಲಿಗಳು. ಕಥೆ ಇಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಎಂಟಕ್ಕೆ ಹೈಸ್ಕೂಲಿಗೆ ಹೋದಳು. ಹೈಸ್ಕೂಲಿನಲ್ಲಿ ಊಟ ಇರಲಿಲ್ಲ. ನನಗೆ ಅಷ್ಟು ಹೊತ್ತಿಗೆ ಕುದೂರಿನ ಕಡೆಗೆ ವರ್ಗವಾಗಿತ್ತು. ಎಂಟರ ಅರ್ಧದಲ್ಲಿ ಬಿಟ್ಟಳಂತೆ ಎಂದು ಪುಟ್ಟತಾಯಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದಳು. ಮಾರನೇ ವರ್ಷ ಹೈಸ್ಕೂಲಿಗೂ ಊಟ ಬಂತು. ಅವಳ ಹಿಂದೆ ಹಿಂದೆ ಒಂದೊಂದು ವರ್ಷ ತಡವಾಗಿ ಬರುತ್ತಿದ್ದ ಆ ಆದೇಶಕ್ಕೆ ಒಂದು ಸಲವಾದರೂ ಅವಳಿಗಿಂತ ಮುಂಚೆ ಬರಲು ಏನು ರೋಗವಾಗಿತ್ತು? ಒಟ್ಟಿಗೇ ಎಲ್ಲ ಮಕ್ಕಳಿಗೂ ಎಂದು ಮೊದಲ ದಿನವೇ ಒಂದು ಸಾಲು ಬರೆದಿದ್ದರೆ ಅವರ ಪೆನ್ನಿನ ಇಂಕು ಮುಗಿದುಹೋಗುತ್ತಿತ್ತೇ?

ಮೊನ್ನೆ ಛತ್ರದಿಂದ ಹೊರಟು ಆ ಓಣಿಗೆ ನಡೆದೆ. ರಾಮನಗರಕ್ಕೆ ಬಂದಾಗೆಲ್ಲ ಹೋಗುತ್ತೇನೆ. ಮೆಹಬೂಬ್ ಬಿ ಈಗಿಲ್ಲ. ನಸೀಮಾ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದಾಳೆ. ಅವಳ ಮಗಳು ನಮ್ಮ ಅದೇ ಶಾಲೆಯಲ್ಲಿ ಆರನೇ ತರಗತಿ. ನನ್ನನ್ನು ನೋಡಿ ಮಷೀನು ನಿಲ್ಲಿಸಿ ಎದ್ದಳು.

“ಬನ್ನಿ ಮಿಸ್. ಊಟ ಆಯ್ತಾ?”

“ಮದುವೇಲಿ ಆಯ್ತು. ಮಗಳು?”

“ಅವ್ಳಿಗೆ ಅಲ್ಲೇ ಸ್ಕೂಲಲ್ಲಿ. ಅಂಗಡಿ ಸೇಟ್ ಮಗನೂ ಅಲ್ಲೇ ಉಣ್ತಾನಂತೆ. ಸಾರು ಚೆನ್ನಾಗಿರಲ್ಲ ಅಂತ ಇಬ್ರೂ ಸೇರಿ ಬೈತಾರೆ.”

“ನಿಂದು ಆಯ್ತಾ?”

“ಆಯ್ತು ಮಿಸ್.”

ಅದೇ ದನಿ. ಕೇಳುವ ಮುಂಚೆಯೇ ಸಿದ್ಧವಾಗಿದ್ದ ಉತ್ತರ. ಅವಳ ಬಾಯಲ್ಲಿ ಬರುವ ಆ ಒಂದು ಮಾತನ್ನು ನಾನು ಈ ಜನ್ಮದಲ್ಲಿ ನಂಬುವುದಿಲ್ಲ. ಎದ್ದು ಸೀದಾ ಅಡುಗೆಮನೆಗೆ ಹೋದೆ. ಪರರ ಮನೆಯ ಪಾತ್ರೆಯ ಮುಚ್ಚಳ ತೆಗೆಯುವುದು ಮರ್ಯಾದೆಯಲ್ಲ, ಗೊತ್ತು. ತೆಗೆದೆ. ಹಿಂದಿನಿಂದ ನಸೀಮಾ ನಗುವುದು ಕೇಳಿಸಿತು.

“ಏನ್ ಮಿಸ್, ಇನ್ಸ್‌ಪೆಕ್ಷನ್ನಾ?”

ಪಾತ್ರೆಯಲ್ಲಿ ಇನ್ನೂ ಒಬ್ಬರಿಗಾಗುವಷ್ಟು ಅನ್ನ ಇತ್ತು. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಒಂದು ತಟ್ಟೆ. ಬೆರಳಿಟ್ಟು ನೋಡಿದೆ. ನೀರು ಇನ್ನೂ ಆರಿರಲಿಲ್ಲ.